ತಾಯಲೂರಿನ ಮುಖಗಳಿಗೆ ಎರಡೂವರೆ ನಕ್ಷತ್ರ ಕೊಟ್ಟ ದಾರಿಬಂಧುವಿಗೆ

ಮಾಲೂರು,
ಮಹಾಲಯ ಅಮಾವಾಸ್ಯೆಯ ಮರುದಿನ

ನನ್ನ ಫೋನಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದು, ಯಾವ ಊರಿಗೆ ಹೇಗೆ ಹೋಗಬೇಕು, ಹೋದಮೇಲೆ ಏನನ್ನು ನೋಡಬೇಕು, ಏನನ್ನು ನೋಡದೆ ಬಿಡಬೇಕು ಎಂಬುದನ್ನೆಲ್ಲ ಸಕಲರಿಗೂ ತಿಳಿಸಿಕೊಡುವ ಪ್ರವಾಸ ಸಲಹಾ ಯಂತ್ರ ‘ದಾರಿಬಂಧು’ ಅವರ ದಿವ್ಯ ಸನ್ನಿಧಾನಕ್ಕೆ ಮಾಲೂರಿನ ಗೃಹಿಣಿ ಗಂಗಾಲಕ್ಷ್ಮಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ಇತ್ತ ನಾವು ಕ್ಷೇಮ. ತಮ್ಮ ಕ್ಷೇಮಕ್ಕಾಗಿ ಹೊತ್ತು ಹೊತ್ತಿಗೆ ಚಾರ್ಜಿಗೆ ಹಾಕುತ್ತಲೇ ಇರುವುದರಿಂದ ಬೇರೆಯಾಗಿ ವಿಚಾರಿಸುವ ಅಗತ್ಯ ಕಾಣಲಿಲ್ಲ. ತಮ್ಮನ್ನು ಅಣ್ಣಾ ಎನ್ನಬೇಕೋ ಅಕ್ಕಾ ಎನ್ನಬೇಕೋ ತಿಳಿಯದೆ ‘ಮಾನ್ಯರೇ’ ಎಂದು ಕರೆದಿದ್ದೇನೆ; ದನಿಯೇನೋ ಹೆಣ್ಣಿನದು, ಆದರೆ ದಾರಿ ತಪ್ಪಿಸಿದ ಮೇಲೂ ಒಪ್ಪಿಕೊಳ್ಳದ ಹಠ ಮಾತ್ರ ಥೇಟ್ ನಮ್ಮ ಯಜಮಾನರಾದ ಚಂದ್ರಮೋಹನ್ ಅವರದೇ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಬೆಳಿಗ್ಗೆ ನಾವು ಗಂಡ ಹೆಂಡಿರು ಕಾರಿನಲ್ಲಿ ಮಾಲೂರಿನಿಂದ ಹೊರಟು ಕೋಲಾರ ದಾಟಿ ಮುಳಬಾಗಿಲಿನ ಕಡೆ ಹೋಗುತ್ತಿದ್ದಾಗ, ತಾಯಲೂರಿನಲ್ಲಿರುವ ಮುನಿಯಲ್ಲಪ್ಪ ಚಿತ್ರಶಾಲೆ ನೋಡಲು ಯೋಗ್ಯವೇ ಎಂದು ನಾನು ತಮ್ಮನ್ನು ವಿನಯದಿಂದ ಕೇಳಿದೆ. ತಾವು ರೆಪ್ಪೆ ಮಿಟುಕಿಸುವಷ್ಟರಲ್ಲಿ ಉತ್ತರ ದಯಪಾಲಿಸಿದಿರಿ. ಇದು ಒಬ್ಬನೇ ಕಲಾವಿದನ ಚಿತ್ರಗಳಿರುವ ಸಣ್ಣ ಸಂಗ್ರಹಾಲಯವೆಂದೂ, ಆ ಕಲಾವಿದನಲ್ಲಿ ವಿಶೇಷ ಆಸಕ್ತಿ ಇಲ್ಲದವರು ಬಿಟ್ಟುಬಿಡಬಹುದೆಂದೂ, ನೋಡಿದವರು ಕೊಟ್ಟಿರುವುದು ಎರಡೂವರೆ ನಕ್ಷತ್ರವೆಂದೂ, ಅದರ ಬದಲು ಕುರುಡುಮಲೆಯ ಗಣಪತಿಯ ದರ್ಶನ ಮಾಡಿಕೊಂಡು, ಸಮಯ ಉಳಿದರೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಹಣ್ಣು ಸವಿಯಬಹುದೆಂದೂ ತಾವು ಅಪ್ಪಣೆ ಕೊಡಿಸಿದಿರಿ. ಭಾದ್ರಪದದ ಅಮಾವಾಸ್ಯೆಯ ದಿನ ಶ್ರೀನಿವಾಸಪುರದ ಮರಗಳಲ್ಲಿ ಹಣ್ಣು ಕಾಣುವ ದಿವ್ಯದೃಷ್ಟಿ ತಮಗಲ್ಲದೆ ಇನ್ನಾರಿಗೆ ಸಾಧ್ಯ?

ಆಗ ನನ್ನ ತೊಡೆಯ ಮೇಲೆ ಎಡೆಯ ಡಬ್ಬಿಯಿತ್ತು. ಅದು ತಮ್ಮ ಕ್ಯಾಮೆರಾಕ್ಕೆ ಕಾಣಲಿಲ್ಲವೆಂದು ತೋರುತ್ತದೆ, ಆದ್ದರಿಂದ ವಿವರಿಸುತ್ತೇನೆ. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕಡೆ ತೀರಿಕೊಂಡ ಹಿರಿಯರ ಪಟದ ಮುಂದೆ ಬಾಳೆಲೆ ಹಾಸಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಊದುಬತ್ತಿ ಹಚ್ಚಿ, ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವೆ. ಇದಕ್ಕೆ ಎಡೆ ಇಡುವುದು ಎನ್ನುತ್ತೇವೆ. ಎಡೆ ಇಡಬೇಕಾದರೆ ಪಟ ಬೇಕು. ನನ್ನ ತಾಯಿ ಮುನಿಗಂಗಮ್ಮನ ಪಟ ಇರುವುದು ಜಗತ್ತಿನಲ್ಲಿ ಒಂದೇ, ಅದು ತಾವು ಬಿಟ್ಟುಬಿಡಬಹುದು ಎಂದ ಆ ಎರಡೂವರೆ ನಕ್ಷತ್ರದ ಗೋಡೆಯ ಮೇಲೆ.

ನನ್ನ ತಾಯಿ ನನ್ನನ್ನು ತಾಯಲೂರಿನ ತವರಿನಲ್ಲಿ ಹೆತ್ತು, ನಾನಿನ್ನೂ ತೊಟ್ಟಿಲಲ್ಲಿರುವಾಗಲೇ ಜ್ವರದಿಂದ ತೀರಿಕೊಂಡಳು. ಆಮೇಲೆ ಎರಡು ಮನೆಯವರೂ ಜಗಳವಾಡಿಕೊಂಡರು. ಅಪ್ಪನ ಕಡೆಯವರು ನನ್ನನ್ನು ಮಾಲೂರಿಗೆ ಎತ್ತಿಕೊಂಡು ಬಂದರು, ಕೈಯಲ್ಲಿ ಬರೆಸಿದ್ದ ಅವಳ ಪಟ ಸೋದರಮಾವ ಆವಲಪ್ಪನ ಮನೆಯಲ್ಲೇ ಉಳಿಯಿತು. ಫೋಟೋ ಹಿಡಿಸುವ ಕಾಲವೂ ಅಲ್ಲ, ಅನುಕೂಲವೂ ಅಲ್ಲ. ಮಾವ ತೀರಿಕೊಂಡು ಹಳೆಯ ಮನೆ ಕೆಡವಿದಾಗ ಪಟವೂ ಹೋಯಿತೆಂದೇ ನಾನು ತಿಳಿದಿದ್ದೆ. ಈ ವರ್ಷ ಒಂದು ಮದುವೆಯಲ್ಲಿ ಸಿಕ್ಕ ಮಾವನ ಮಗಳು, ಅತ್ತೆಯ ಪಟ ಚಿತ್ರಶಾಲೆಯಲ್ಲಿದೆ ಎಂದು ಕೋಸಂಬರಿ ಬಡಿಸಿಕೊಳ್ಳುತ್ತಾ ಹೇಳಿಬಿಟ್ಟಳು. ನಾನು ಆ ಊಟವನ್ನು ಅಲ್ಲಿಗೇ ಬಿಟ್ಟು ಎದ್ದೆ.

ಹಾಗಿದ್ದ ಮೇಲೆ ಯಂತ್ರವನ್ನು ಕೇಳುವುದೇನಿತ್ತು ಎಂದು ತಾವು ಕೇಳಬಹುದು. ಹೆದರಿಕೆ, ಮಾನ್ಯರೇ. ಬುದ್ಧಿ ತಿಳಿದಾಗಿನಿಂದ ನಾನು ಮನಸ್ಸಿನಲ್ಲೇ ಒಬ್ಬ ತಾಯಿಯನ್ನು ಮಾಡಿಕೊಂಡು ಅವಳ ಜೊತೆ ಮಾತಾಡಿಕೊಂಡು ಬಂದವಳು. ಗೋಡೆಯ ಮೇಲೆ ಇನ್ನಾರೋ ಇದ್ದರೆ ಇವಳ ಗತಿಯೇನು ಎಂದು ಕೋಲಾರ ದಾಟುವ ಹೊತ್ತಿಗೆ, ಕಾರು ತಿರುಗಿಸಿ ಎನ್ನುವ ಮಾತು ಬಾಯಿಗೆ ಬಂದಿತ್ತು. ಬೇಡ ಎನ್ನಲು ಯಾರಾದರೂ ಸಿಗುತ್ತಾರೇನೋ ಎಂದು ಹುಡುಕುತ್ತಿದ್ದೆ, ತಾವು ಸಿಕ್ಕಿದಿರಿ.

ತಮ್ಮ ಉತ್ತರದ ಜೊತೆಗೆ ಪ್ರವಾಸಿಗರ ಅಭಿಪ್ರಾಯಗಳನ್ನೂ ಓದಲು ಕೊಟ್ಟ ಔದಾರ್ಯವನ್ನು ನಾನು ಮರೆಯಲಾರೆ. ಒಬ್ಬ ಮಹನೀಯರು ಚಿತ್ರಗಳ ಹಣೆಗೆಲ್ಲ ಕುಂಕುಮ ಮೆತ್ತಿರುವುದನ್ನು ಕಂಡು, ಈ ಜನಕ್ಕೆ ಸಂರಕ್ಷಣೆಯ ಗಂಧವೇ ಇಲ್ಲವೆಂದು ನೊಂದುಕೊಂಡಿದ್ದಾರೆ. ಇನ್ನೊಬ್ಬರಿಗೆ ಗ್ಯಾಲರಿಯೊಳಗೆ ಮಟನ್ ಸಾರಿನ ವಾಸನೆ ಬಡಿದು ಕಲಾಸ್ವಾದನೆಗೆ ಭಂಗ ಬಂದಿದೆ. ಮತ್ತೊಬ್ಬರು, ಎಲ್ಲ ಚಿತ್ರಗಳೂ ಒಂದೇ ಥರ, ಎಲ್ಲರೂ ನೆಟ್ಟಗೆ ನಮ್ಮನ್ನೇ ನೋಡುತ್ತಾರೆ, ಒಬ್ಬರೂ ನಗುವುದಿಲ್ಲ ಎಂದು ದೂರಿದ್ದಾರೆ. ಸತ್ತವರು ತಮ್ಮ ಮನೆಯವರನ್ನು ಬಿಟ್ಟು ಪ್ರವಾಸಿಗರನ್ನು ನೋಡಿ ಹಲ್ಲುಕಿರಿಯಬೇಕಿತ್ತೆಂದು ಅವರ ಆಸೆಯಿರಬೇಕು. ಎಲ್ಲರಿಗಿಂತ ಕಲಿತವರಂತೆ ಕಂಡ ಒಬ್ಬರು, ಕಲಾವಿದನಿಗೆ ಮುಖದ ಅಳತೆಯೇ ಗೊತ್ತಿಲ್ಲ, ಮೂರನೇ ಗೋಡೆಯ ಯುವತಿಯ ಕಣ್ಣುಗಳಂತೂ ಮುಖಕ್ಕೆ ಹೊಂದದಷ್ಟು ದೊಡ್ಡವು ಎಂದು ಬರೆದು ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಈ ಕೊನೆಯವರನ್ನು ದಯವಿಟ್ಟು ನೆನಪಿನಲ್ಲಿಡಿ.

ಇದನ್ನೆಲ್ಲ ನಾನು ಯಜಮಾನರಿಗೆ ಓದಿ ಹೇಳಿ, ಹಾಗಾದರೆ ಗಣಪತಿ ದೇವಸ್ಥಾನಕ್ಕೇ ಹೋಗೋಣವೇ ಎಂದೆ. ತಮ್ಮ ಮಾತನ್ನು ಎಂದೂ ಮೀರದ, ತಾವು ಹೇಳಿದಿರೆಂದು ಒಮ್ಮೆ ಹೋಳೂರಿನ ಹತ್ತಿರ ಯಾರದೋ ಟೊಮೆಟೊ ತೋಟದೊಳಗೆ ಕಾರು ಇಳಿಸಿದ ಆ ಪತಿವ್ರತ ಮನುಷ್ಯ ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಸಾರು ಆರೋಗ್ತದೆ ಕಣೇ, ಆ ಫೋನ್ ಮುಚ್ಚಿಡು. ಅಡುಗೆ ಮಾಡಿರೋದು ಅದಕ್ಕಲ್ಲ” ಎಂದರು. ಮದುವೆಯಾದಾಗಿನಿಂದ ಅವರು ಆಡಿದ ಅತ್ಯಂತ ಒಳ್ಳೆಯ ಮಾತು ಅದೇ. ಅಲ್ಲಿಂದ ತಾಯಲೂರಿನವರೆಗೂ ತಾವು ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ನನ್ನ ಚೀಲದೊಳಗಿಂದ ಕೂಗುತ್ತಲೇ ಇದ್ದ ನಿಷ್ಠೆಗೆ ಧನ್ಯವಾದಗಳು.

ಚಿತ್ರಶಾಲೆ ಎಂದರೆ ಒಂದು ನಡುಮನೆ, ಎರಡು ಕೋಣೆ. ತೀರಿಕೊಂಡವರ ಮುಖ ಬರೆಯುವುದೇ ಕಸುಬಾಗಿದ್ದ ಮುನಿಯಲ್ಲಪ್ಪನವರು ಈಗಿಲ್ಲ. ಹೊಸ ಮನೆ ಕಟ್ಟಿಸಿ ಹಳೆಯ ಪಟಕ್ಕೆ ಗೋಡೆ ಇಲ್ಲವೆಂದವರೆಲ್ಲ ತಂದುಕೊಟ್ಟದ್ದನ್ನು ಅವರ ಮಗಳು ಭಾರತಮ್ಮ ತೂಗುಹಾಕಿದ್ದಾರೆ. ಬಾಗಿಲಲ್ಲಿ ಟಿಕೆಟ್ ಕೇಳುವ ಬದಲು ಆಕೆ, “ನೀವು ಯಾರ ಪೈಕಿ ಅಮ್ಮ?” ಎಂದು ಕೇಳಿದರು. ತಾವು ಇಷ್ಟು ವರ್ಷದಲ್ಲಿ ನನ್ನನ್ನು ಏನೆಲ್ಲ ಕೇಳಿದ್ದೀರಿ, ಇದೊಂದನ್ನು ಕೇಳಲಿಲ್ಲ. ಒಳಗೆ ಗೋಡೆ ಗೋಡೆಗೂ ಪಟಗಳ ಮುಂದೆ ಅವರವರ ಮನೆಯವರು ಕೂತಿದ್ದರು, ಎಲೆಗಳ ಮೇಲೆ ವಡೆ, ಕಜ್ಜಾಯ, ಮುದ್ದೆ, ಸಾರು. ಮಟನ್ ಸಾರಿನ ವಾಸನೆಯ ಬಗ್ಗೆ ತಮ್ಮ ಪ್ರವಾಸಿಗರು ಬರೆದದ್ದು ಅಕ್ಷರಶಃ ನಿಜ, ಘಮ್ಮೆನ್ನುತ್ತಿತ್ತು.

ಮೂರನೇ ಗೋಡೆಯಲ್ಲಿ ಮುನಿಗಂಗಮ್ಮ ಎಂದು ಬರೆದಿದ್ದ ಪಟದ ಮುಂದೆ ನಾನು ನಿಂತೆ. ನಿಜ ಹೇಳುತ್ತೇನೆ, ಮೊದಲಿಗೆ ನನಗೆ ಏನೂ ಅನ್ನಿಸಲಿಲ್ಲ. ತಲೆ ನರೆತ ನನ್ನ ಎದುರಿಗೆ ನನ್ನ ಮಗಳಿಗಿಂತಲೂ ಚಿಕ್ಕ ಹುಡುಗಿಯೊಬ್ಬಳು ಕೂತಿದ್ದಳು, ಅವಳನ್ನು ಅಮ್ಮಾ ಎನ್ನಲು ನಾಲಿಗೆ ಹೊರಳಲಿಲ್ಲ. ತಮ್ಮ ಪ್ರವಾಸಿಗರೇ ಸರಿ, ಕಣ್ಣು ಮುಖಕ್ಕೆ ದೊಡ್ಡದಾಯಿತು ಎಂದುಕೊಂಡೆ, ಮಾನ್ಯರೇ! ಹೆತ್ತ ತಾಯಿಯ ಮುಂದೆ ಮೊದಲ ಬಾರಿಗೆ ನಿಂತು ನಾನು ತಮ್ಮ ಅಭಿಪ್ರಾಯವನ್ನೇ ಒಪ್ಪಿಕೊಂಡೆ.

ನಾನು ಇವಳ ಮಗಳೆಂದು ಹೇಳಿದ್ದೇ ತಡ, ಭಾರತಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಅಯ್ಯೋ ರಾ ತಲ್ಲಿ, ಆ ಕೂಸು ನೀನೇನಾ!” ಎಂದು ತೆಲುಗು ಬೆರೆಸಿ, ಬಾ ತಾಯಿ ಎಂದು ಕರೆದರು. ಅವರ ತಂದೆ ಸತ್ತವರನ್ನು ಕಂಡವರಲ್ಲವಂತೆ. ಪಟ ಬರೆಯಲು ಕರೆದ ಮನೆಗೆ ಹೋಗಿ ನೆಂಟರನ್ನೆಲ್ಲ ಸಾಲಾಗಿ ಕೂರಿಸಿ, ಯಾರ ಮೂಗು ಅವರಂತಿದೆ, ಯಾರ ಗಲ್ಲ ಅವರಂತಿದೆ ಎಂದು ಕೇಳಿ ಒಬ್ಬೊಬ್ಬರಿಂದ ಒಂದೊಂದು ತೆಗೆದುಕೊಂಡು ಮುಖ ಕೂಡಿಸುತ್ತಿದ್ದರಂತೆ. “ನಿಮ್ಮಮ್ಮಂಗೆ ಮೂಗು ನಿಮ್ಮ ಮಾವನತ್ರ ಸಿಕ್ತು, ಗಲ್ಲ ನಿಮ್ಮಜ್ಜಿ ಹತ್ರ ಸಿಕ್ತು. ಕಣ್ಣು ಮಾತ್ರ ಯಾರತ್ರಾನೂ ಸಿಗ್ಲಿಲ್ಲ. ಆಮೇಲೆ ನಿಮ್ಮಜ್ಜಿ ತೊಟ್ಲಲ್ಲಿದ್ದ ಕೂಸ್ನ ಎತ್ಕೊಂಡು ಬಂದು, ಕಣ್ಣು ಇಲ್ಲಿ ಅವೆ ನೋಡಪ್ಪ ಅಂದ್ರಂತೆ. ನಮ್ಮಪ್ಪ ನಿನ್ನ ಕಣ್ಣು ಬರ್ದವ್ರೆ ಕಣಮ್ಮ.”

ಎಳೆಗೂಸಿನ ಕಣ್ಣು, ಮಾನ್ಯರೇ. ಮುಖಕ್ಕೆ ದೊಡ್ಡದಾಗಿಯೇ ಇರುತ್ತದೆ. ಒಂದು ನಕ್ಷತ್ರ ಕೊಟ್ಟವರ ಅಳತೆ ಸರಿಯಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು, ಆ ಜನರ ಮಧ್ಯೆ, ಬಾಯಿಗೆ ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ಅತ್ತೆ. ಪಕ್ಕದ ಪಟದವರು ತಮ್ಮ ಎಲೆಯನ್ನು ಸ್ವಲ್ಪ ಸರಿಸಿ ನನಗೆ ಜಾಗ ಮಾಡಿಕೊಟ್ಟರು. ಇಷ್ಟು ವರ್ಷ ನನ್ನವರು ಯಾರೂ ಬಾರದಿದ್ದಾಗ ಎಡೆ ಇಟ್ಟವರು ಯಾರು ಎಂದು ಕೇಳಿದ್ದಕ್ಕೆ ಭಾರತಮ್ಮ, ನಮ್ಮ ಮನೆಯದರಲ್ಲೇ ಒಂದು ತುತ್ತು ಇಡುತ್ತಿದ್ದೆವು ಎಂದರು. ಆಮೇಲೆ ನಾನೂ ಆ ಹಣೆಗೆ ಕುಂಕುಮ ಮೆತ್ತಿ, ಸೀರೆ, ಬಳೆ ಇಟ್ಟು, ತಮ್ಮ ಸಂರಕ್ಷಣಾಪ್ರಿಯ ಪ್ರವಾಸಿಗರ ಕ್ಷಮೆಯನ್ನು ಮನಸ್ಸಿನಲ್ಲೇ ಕೋರಿ, ಬಡಿಸಿದೆ. ಸಾರು ಇನ್ನೂ ಬಿಸಿಯಿತ್ತು. ಅಷ್ಟರಲ್ಲಿ ತಾವು ಚೀಲದೊಳಗಿಂದ ಟಿಣ್ಣೆಂದು, ಇಲ್ಲಿ ಜನ ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಕಳೆಯುತ್ತಾರೆ ಎಂದು ತಿಳಿಸಿದಿರಿ. ನಾವು ಹೊರಟಾಗ ದನಗಳು ಮನೆಗೆ ಬರುತ್ತಿದ್ದವು. ಕುರುಡುಮಲೆಗೆ ಹೋಗಲಾಗಲಿಲ್ಲ, ಆ ಗಣಪತಿಯೂ ತಾಯಿಯ ಮಗನೇ ಆದ್ದರಿಂದ ಏನೂ ಅಂದುಕೊಳ್ಳುವುದಿಲ್ಲವೆಂದು ನಂಬಿದ್ದೇನೆ.

ಈಗ ತಮ್ಮಲ್ಲಿ ನನ್ನ ಕೆಲವು ಸಣ್ಣ ಬಿನ್ನಹಗಳು. ನಕ್ಷತ್ರಗಳ ಪಕ್ಕದಲ್ಲಿ ‘ಇಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?’ ಎಂಬ ಒಂದು ಪ್ರಶ್ನೆಯನ್ನು ಸೇರಿಸಬೇಕು. ಮಾವಿನ ಹಣ್ಣನ್ನು ಸುಗ್ಗಿಯಲ್ಲಿ ಮಾತ್ರ ತೋರಿಸಬೇಕು. ಮುಂದಿನ ಮಹಾಲಯಕ್ಕೆ ತಾವೇ ಬಿಡುವು ಮಾಡಿಕೊಂಡು ತಾಯಲೂರಿಗೆ ಬಂದು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಮುರಿದು, ಆಮೇಲೆ ಎಷ್ಟು ನಕ್ಷತ್ರವೆಂದು ಹೇಳಬೇಕು. ಬಾಗಿಲಲ್ಲಿ ಭಾರತಮ್ಮ ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ಹೇಳಲು ಯಾರೂ ಇಲ್ಲದಿದ್ದರೆ ಗಂಗಾಲಕ್ಷ್ಮಿಯ ಪೈಕಿ ಎನ್ನಿ, ಒಳಗೆ ಬಿಡುತ್ತಾರೆ.

ತಮ್ಮ ಮಾತು ಮೀರಿ ನಡೆದರೂ
ತಮ್ಮ ವಿಶ್ವಾಸಿಯೇ ಆಗಿರುವ,
ಗಂಗಾಲಕ್ಷ್ಮಿ

ಮರೆತ ಮಾತು: ನಾನು ಅಮ್ಮನ ಪಟದ್ದೊಂದು ಫೋಟೋ ತೆಗೆದುಕೊಂಡಿದ್ದೆ. ರಾತ್ರಿ ತಮ್ಮ ಪಕ್ಕದ ಮನೆಯವರಾದ ಫೋನಿನ ಫೋಟೋ ವಿಭಾಗದವರು ಅದನ್ನೂ ನನ್ನ ಒಂದು ಫೋಟೋವನ್ನೂ ಜೋಡಿಸಿಟ್ಟು, ಇವರಿಬ್ಬರೂ ಒಬ್ಬರೇ ಅಲ್ಲವೇ ಎಂದು ಕೇಳಿದರು. ನಕ್ಷತ್ರ ಎಣಿಸದೆ ಮುಖ ನೋಡುವ ಅಭ್ಯಾಸ ಅವರಿಗಿರುವಂತಿದೆ, ತಾವು ಅವರ ಬಳಿ ನಾಲ್ಕು ದಿನ ಕಲಿತರೆ ಒಳ್ಳೆಯದು. ನಾನು ಹೌದು ಎಂದು ಒತ್ತಿದೆ. ಈಗ ನನ್ನ ಹೆಸರಿನಡಿ, ನನ್ನ ಫೋಟೋಗಳ ನಡುವೆ ಅಮ್ಮನೂ ಕೂತಿದ್ದಾಳೆ. ತೊಟ್ಟಿಲಿನಿಂದ ಈಚೆಗೆ ನಾವಿಬ್ಬರೂ ಒಂದೇ ಕಡೆ ಇರುವುದು ಇದೇ ಮೊದಲು. ಇದು ತಪ್ಪೆಂದು ಮುಂದೆ ಎಂದಾದರೂ ತಮ್ಮವರ ಗಮನಕ್ಕೆ ಬಂದರೆ, ದಯವಿಟ್ಟು ತಿದ್ದಬೇಡಿ.