ದೇವರಿಲ್ಲದ ಲಗ್ನಪತ್ರಿಕೆ

ಕಸಕ್ಕೆ ಹಾಕಲಾಗದಂಥ ಕಸವನ್ನು ತಯಾರಿಸುವುದೇ ನನ್ನ ಕಸುಬು. ಬೇಲೂರಿನ ಸಣ್ಣ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆಗಳಿಗೆ ರೂಪ ಕೊಡುತ್ತೇನೆ. ನಮ್ಮ ಜನಕ್ಕೆ ಪತ್ರಿಕೆಯ ನೆತ್ತಿಯ ಮೇಲೆ ಗಣಪತಿ ಬೇಕು, ಪಕ್ಕದಲ್ಲಿ ಮನೆದೇವರು ಬೇಕು, ಲಕೋಟೆಗೆ ಇನ್ನೊಬ್ಬ ಗಣಪತಿ ಬೇಕು, ಎಲ್ಲರ ಮೇಲೂ ಮಿರಮಿರನೆ ಮಿಂಚುವ ಪ್ಲಾಸ್ಟಿಕ್ ಹೊದಿಕೆ ಬೇಕು. ಸರಿ, ಮದುವೆ ಮುಗಿದ ಮೇಲೆ? ದೇವರಿದ್ದಾನಲ್ಲ, ಎಸೆಯುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಅಟ್ಟ ತುಂಬಿದ ಮೇಲೆ ಕಟ್ಟು ಕಟ್ಟಿ, ಕೈಮುಗಿದು, ಯಗಚಿ ಹೊಳೆಗೆ ಬಿಟ್ಟು ಬರುತ್ತಾರೆ! ಒಮ್ಮೆ ಹೊಳೆದಂಡೆಗೆ ಹೋಗಿದ್ದಾಗ ಕೆಸರಿನಲ್ಲಿ ನಾನೇ ಮಾಡಿದ ಪತ್ರಿಕೆಗಳನ್ನು ಕಂಡೆ. ಕಾಗದವೆಲ್ಲ ಕೊಳೆತಿತ್ತು, ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಗಣಪತಿಗಳು ಮಾತ್ರ ನನ್ನನ್ನೇ ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಇದೂ ಒಂದು ಭಕ್ತಿಯೇ?

ಆ ಸಿಟ್ಟು ಇಳಿಯುವ ಮೊದಲೇ, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಭಾಮೈದ ರುದ್ರೇಶ ತನ್ನ ಮಗಳ ಮದುವೆಯ ಪತ್ರಿಕೆಯನ್ನು ನನಗೆ ಒಪ್ಪಿಸಿದ. ಸಿಕ್ಕಿತಲ್ಲ ಅವಕಾಶ! ಒಂದೇ ತೆಳು ಹಾಳೆ, ಒಂದೇ ಬಣ್ಣ. ಪ್ಲಾಸ್ಟಿಕ್ಕಿಲ್ಲ, ಲಕೋಟೆಯಿಲ್ಲ, ದೇವರಿಲ್ಲ. ಅಂಚಿಗೆ ಮಾವಿನೆಲೆಯ ತೋರಣವೊಂದನ್ನು ಮಾತ್ರ ಕೈಯಾರೆ ಬಿಡಿಸಿದೆ. ಹಿಂಬದಿಯನ್ನು ಬೇಕೆಂದೇ ಖಾಲಿ ಬಿಟ್ಟೆ. ಮದುವೆಯಾದ ಮೇಲೆ ಅದರ ಮೇಲೆ ಯಾರಾದರೂ ಏನಾದರೂ ಗೀಚಿಕೊಳ್ಳಲಿ. ಕಾಗದ ಸಾಯುವ ಮುನ್ನ ಎರಡು ಸಲ ದುಡಿಯಲಿ.

ರುದ್ರೇಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಏನ್ ಭಾವ ಇದು, ಲಗ್ನಪತ್ರಿಕೆಯೋ ಕರೆಂಟ್ ಬಿಲ್ಲೋ? ದೇವ್ರೇ ಇಲ್ವಲ್ಲ!"

"ಕರೆದು ಹೊಳೆಗೆ ನೂಕೋದಕ್ಕಿಂತ ಕರೀದೇ ಇರೋದೇ ಮರ್ಯಾದೆ ಕಣೋ."

"ಬೀಗರು ಏನಂತಾರೆ? ಕೊಬ್ಬರಿ ರೇಟು ಬಿದ್ದೋಗೈತೆ ಅಂದ್ಕೊಳ್ಳಲ್ವಾ?"

ನಾನು ಕೂಗಾಡಿದೆ. ಇದು ಬೇಡವಾದರೆ ಮದುವೆಗೇ ಬರುವುದಿಲ್ಲ ಎಂದುಬಿಟ್ಟೆ. ನನ್ನ ಹೆಂಡತಿ ಗಿರಿಜೆ ತಮ್ಮನಿಗೆ, "ಹೂಂ ಅಂದ್ಬಿಡೋ, ಇಲ್ದಿದ್ರೆ ಮನೇಲಿ ಇವರ ಭಾಷಣ ಕೇಳೋಳು ನಾನು" ಎಂದಳು. ಅವನು ಒಪ್ಪಿದ, ಯಾರಾದರೂ ಕೇಳಿದರೆ ಎಲ್ಲವನ್ನೂ ಭಾವನ ತಲೆಗೆ ಕಟ್ಟುತ್ತೇನೆಂಬ ಕರಾರಿನ ಮೇಲೆ. ಮದುವೆಯಲ್ಲಿ ಬೀಗರು ಕೇಳಿದರು, ಅವನು ಕಟ್ಟಿದ.

ಕೆಲವು ತಿಂಗಳ ನಂತರ ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ಗಿರಿಜೆಯೂ ನಾನೂ ಬೋಂಡಾ ಕೊಂಡೆವು. ಅಂಗಡಿಯಾಕೆ ಕಾಗದದ ಮೇಲಿಟ್ಟು ಕೊಟ್ಟಳು. ನೋಡುತ್ತೇನೆ, ನನ್ನ ಮಾವಿನೆಲೆಯ ತೋರಣ! ಹಿಂಬದಿಯಲ್ಲಿ ಯಾವುದೋ ಮಗು ಏಳರ ಮಗ್ಗಿ ಬರೆದಿತ್ತು. ನಾನು ಬಯಸಿದ್ದೆಲ್ಲ ಅಲ್ಲಿ ನಡೆದುಹೋಗಿತ್ತು. ಖುಷಿಯಿಂದ ಕುಣಿಯಬೇಕಿದ್ದ ನಾನು ಕಿರುಚಿದೆ: "ಏನಮ್ಮಾ, ಇಂಥ ಕಾಗದದ ಮೇಲೆ ಬೋಂಡಾ ಇಡೋದಾ?"

"ದೇವ್ರು ಗೀವ್ರು ಇಲ್ಲ ಅಂತ ನೋಡ್ಕಂಡೇ ಇಟ್ಟೀನಿ ಕಣಣ್ಣ," ಎಂದಳು ಆಕೆ.

ಬೋಂಡಾ ತಿಂದು, ಕಾಗದದ ಎಣ್ಣೆ ಒರೆಸಿ, ಮಡಿಸಿ ಜೇಬಿಗಿಟ್ಟುಕೊಂಡೆ. ಮನೆಗೆ ಬಂದ ಮೇಲೆ ಎಸೆಯಲು ಮನಸ್ಸು ಬರಲಿಲ್ಲ. ಒಲೆಗೆ ಹಾಕಲು ಕೈ ಏಳಲಿಲ್ಲ. ಕೊನೆಗೆ ದೇವರಮನೆಯ ಗೂಡಿನಲ್ಲಿಟ್ಟೆ. ಈಗ ಗಿರಿಜೆ ದಿನಾ ಬೆಳಗ್ಗೆ ಪೂಜೆ ಮಾಡುವಾಗ, ನನ್ನ ಮುಖ ನೋಡಿಕೊಂಡು, ಅದಕ್ಕೂ ಒಂದು ಹೂವು ಇಡುತ್ತಾಳೆ.