ನಿಂಗಯ್ಯ ಸುಣ್ಣ ಬಳಿದದ್ದು

ಹನಕೆರೆಯ ನಿಂಗಯ್ಯನ ಸಂಸಾರಕ್ಕೆ ಕೇಡು ಬಂದದ್ದು ಒಂದು ಸೀರೆಯಿಂದ. ಆ ಸೀರೆ ಅವನ ಹೆಂಡತಿ ಇಂದ್ರಮ್ಮನದೂ ಅಲ್ಲ, ಅವಳ ತಂಗಿಯದು. ಹೊಸದಾಗಿ ಮದುವೆಯಾಗಿದ್ದ ತಂಗಿ ಅರಿಶಿನ ಬಣ್ಣದ ಸೀರೆಯುಟ್ಟು ಅಕ್ಕನ ಮನೆಗೆ ಬಂದಳು. ನಡುಮನೆಯ ಗೋಡೆಗೆ ಒರಗಿ ಕೂತು ಗಂಡನ ಮನೆಯ ವೈಭವವನ್ನೆಲ್ಲ ಹೇಳಿದಳು. ಎದ್ದು ನಿಂತಾಗ ಅವಳ ಬೆನ್ನು ರೊಟ್ಟಿ ಹೆಂಚಿನ ತಳದ ಹಾಗಿತ್ತು.

ಒಲೆ ನಡುಮನೆಯ ಮೂಲೆಯಲ್ಲೇ ಇದ್ದ ಮನೆ ಅದು. ಹೊರಗೆ ಹೋಗಲು ದಾರಿ ಕಾಣದ ಹೊಗೆ ವರ್ಷಗಟ್ಟಲೆ ಗೋಡೆಯ ಮೇಲೇ ಕೂತು ಅಲ್ಲೇ ಮನೆ ಮಾಡಿಕೊಂಡಿತ್ತು. ಹಬ್ಬ ಬಂದಾಗಲೆಲ್ಲ ಇಂದ್ರಮ್ಮ ಸುಣ್ಣದ ಮಾತೆತ್ತುತ್ತಿದ್ದಳು. ನಿಂಗಯ್ಯನಿಗೆ ಆಗೆಲ್ಲ ಸರಿಯಾಗಿ ತೋಳು ನೋಯುತ್ತಿತ್ತು. ಈಚೆಗೆ ತೋಳಿನ ಜೊತೆಗೆ ಯುದ್ಧವೂ ಸೇರಿಕೊಂಡಿತ್ತು.

"ಯುದ್ಧ ಮುಗೀಲಿ ಬುಡು, ಎಲ್ಲಾ ಅಗ್ಗ ಆಯ್ತದೆ, ಆಗ ಬಳಿಯಾನ" ಎಂದು ಅವತ್ತೂ ಅಂದ.

"ಜರ್ಮನಿಯೋನ್ಗೂ ನಮ್ ಗೋಡೆಗೂ ಏನ್ ಸಂಬಂಧ?" ಎಂದಳು ಇಂದ್ರಮ್ಮ. "ನನ್ ತಂಗಿ ಮುಂದೆ ನನ್ ಮಾನ ಕಳ್ದೆ. ಗೋಡೆಗೆ ಸುಣ್ಣ ಬಿದ್ಮ್ಯಾಲೆ ಯೋಳ್ ಕಳ್ಸು. ಅಲ್ಲೀಗಂಟ ನೀನೂ ನಿನ್ ಮಸೀನೂ ಸಂಸಾರ ಮಾಡ್ಕೊಂಡಿರಿ."

ಗಂಟು ಕಟ್ಟಿಕೊಂಡು ಸ್ಟೇಷನ್ನಿಗೆ ನಡೆದವಳೇ ರೈಲು ಹತ್ತಿ ಯಲಿಯೂರಿನ ತವರು ಸೇರಿದಳು.

ಹೆಂಡತಿ ಮುನಿಸಿಕೊಂಡು ಹೋದಳು ಎಂದು ಬೀದಿಯಲ್ಲಿ ಹೇಳಿಕೊಳ್ಳುವುದು ಹೇಗೆ? ಕೇಳಿದವರಿಗೆಲ್ಲ ನಿಂಗಯ್ಯ, "ಮೈಗೆ ಉಸಾರಿಲ್ಲ, ತವರ್ಗೆ ಓಗವ್ಳೆ" ಎಂದ. ಎದುರು ಮನೆಯ ಅಂಕಮ್ಮ ದಿನಕ್ಕೆರಡು ಸಲ ಬಂದು, "ಎಂಗವ್ಳಂತ್ಲಾ?" ಎಂದು ವಿಚಾರಿಸುತ್ತಿದ್ದಳು. ಸುಳ್ಳು ಸಪ್ಪೆಯಾಗಬಾರದೆಂದು ನಿಂಗಯ್ಯ ಪ್ರತಿ ಸಲವೂ ಕಾಯಿಲೆಯನ್ನು ಇಷ್ಟಿಷ್ಟೇ ಹೆಚ್ಚು ಮಾಡುತ್ತ ಬಂದ.

ಆದರೆ ಮುದ್ದೆ ಯಾವ ಸುಳ್ಳಿಗೂ ಬಗ್ಗುವುದಿಲ್ಲ. ಅವನು ತಿರುವಿದ ಮುದ್ದೆಯೆಲ್ಲ ಗಂಟು. ಒಬ್ಬನೇ ಕೂತು ಆ ಗಂಟುಗಳನ್ನು ನುಂಗುವಾಗ ಅವನಿಗೆ ಹೆಂಡತಿಯ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು. ಅವಳ ಬೈಗುಳವಿಲ್ಲದೆ ಮನೆ ಮನೆಯಂತೆಯೇ ಇರಲಿಲ್ಲ. ಅವಳು ಬಂದರೆ ಸಾಕಾಗಿತ್ತು. ಅವಳು ಕೇಳಿದ್ದು ಬರೀ ಸುಣ್ಣ, ತಾನು ಮನೆಯನ್ನು ಅರಮನೆ ಮಾಡಿಯೇ ಕರೆಸಿಕೊಳ್ಳುತ್ತೇನೆ ಎಂದುಕೊಂಡ. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು ಸೊಂಟ ಕಟ್ಟಿದ.

ಇಲ್ಲೊಂದು ಮಾತು ಹೇಳಬೇಕು. ಆ ಊರಲ್ಲಿ ಸುಣ್ಣ ಬಳಿಯುವುದು ಹಬ್ಬಕ್ಕೆ. ದೀಪಾವಳಿ ಆಗಲೇ ಕಳೆದಿತ್ತು, ಸಂಕ್ರಾಂತಿ ದೂರವಿತ್ತು. ಹಬ್ಬವಿಲ್ಲದ ಕಾಲದಲ್ಲಿ ಒಂದು ಮನೆಗೆ ಸುಣ್ಣ ಬಿತ್ತೆಂದರೆ ಒಂದೋ ಅಲ್ಲಿ ಮದುವೆ, ಇಲ್ಲವೇ ಸಾವಿನ ಸೂತಕ. ಮನೆ ಚೆಂದ ಕಾಣಲಿ ಎಂದು ಸುಣ್ಣ ಬಳಿದ ಗಂಡಸು ಆ ಸುತ್ತಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಚೆಂದದ ಚಿಂತೆಯಲ್ಲಿದ್ದ ನಿಂಗಯ್ಯನಿಗೆ ಇದು ಹೊಳೆಯಲೇ ಇಲ್ಲ.

ಸುಣ್ಣ ಅರಳಿಸಿದ, ಕತ್ತಾಳೆ ನಾರು ಜಜ್ಜಿ ಕುಂಚ ಕಟ್ಟಿದ. ಮೊದಲ ಕೈ ಬಳಿದರೆ ಒಳಗಿನ ಮಸಿ ಇಣುಕಿ ನೋಡಿತು. ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸಿದರೆ ಸುಣ್ಣ ಬೆಳ್ಳಗೆ ಹೊಳೆಯುತ್ತದೆ ಎಂದು ಕೇಳಿದ್ದ. ಚಿಟಿಕೆಗೇ ಅಷ್ಟು ಗುಣವಿದ್ದರೆ ಪೊಟ್ಟಣಕ್ಕೆ ಎಷ್ಟಿರಬೇಡ ಎಂದು ಇಡೀ ಪೊಟ್ಟಣ ಸುರಿದ. ಗೋಡೆ ಬೆಳ್ಳಗಾಗುವುದನ್ನು ಬಿಟ್ಟು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ನಿಂಗಯ್ಯ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದ. ಕೆಟ್ಟದಾಗೇನೂ ಇರಲಿಲ್ಲ.

ಅಂಥ ನೀಲಿ ಗೋಡೆಯ ಮುಂದೆ ತಳ ಸೀದ ಹಳೆಯ ಮಡಕೆಗಳು ಕಣ್ಣಿಗೆ ಹೊಡೆಯುತ್ತಿದ್ದವು. ಎಲ್ಲವನ್ನೂ ತಂದು ಬೀದಿಯ ಅಂಚಿಗೆ ಎಸೆದ. ಹಳೆಯ ಚಾಪೆಗಳನ್ನೂ ಅವುಗಳ ಮೇಲೆ ಹಾಕಿದ. ಅಷ್ಟರಲ್ಲಿ ಕುಂಚದ ಸುಣ್ಣ ಕಣ್ಣಿಗೆ ಚಿಮ್ಮಿತು. ಉರಿ ತಾಳಲಾರದೆ ಬಾವಿಗೆ ಓಡಿ, ಉಟ್ಟ ಬಟ್ಟೆಯಲ್ಲೇ ಕೊಡಗಟ್ಟಲೆ ನೀರು ಹೊಯ್ದುಕೊಂಡು, ಕೆಂಡದಂಥ ಕಣ್ಣಲ್ಲಿ ನೀರು ಸುರಿಸುತ್ತ ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ.

ಅಂಕಮ್ಮ ತನ್ನ ಜಗುಲಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಕಾಯಿಲೆಯ ಹೆಂಡತಿ ತವರಲ್ಲಿದ್ದಾಳೆ. ಮಡಕೆ ಬೀದಿಗೆ ಬಂದಿವೆ. ಮನೆಗೆ ಸುಣ್ಣ ಬಿದ್ದಿದೆ. ಗಂಡ ಬಾವಿಯಲ್ಲಿ ಮಿಂದು ಅಳುತ್ತ ಬರುತ್ತಿದ್ದಾನೆ. ಇನ್ನು ಕೇಳುವುದೇನಿದೆ? ಸಾವಿನ ಮನೆಯವನನ್ನು ಏನಾಯಿತು ಎಂದು ಕೇಳುವ ಪದ್ಧತಿಯೂ ಇಲ್ಲ. ಅವಳು ಬಂದು ಅವನ ತಲೆ ಸವರಿ, "ಧೈರ್ಯ ತಂದ್ಕಳಪ್ಪ" ಎಂದಳು.

"ಇಲ್ಲ ಕಣಕ್ಕ, ಉರಿ ಈಗ ಒಸಿ ಕಮ್ಮಿ ಆಗದೆ" ಎಂದ ನಿಂಗಯ್ಯ. ಎಂಥ ಅಂತಃಕರಣದ ಹೆಂಗಸು ಎಂದುಕೊಂಡು ಒಳಗೆ ಹೋದ.

ಕಣ್ಣು ಬಿಡಲು ಬಂದ ಮೇಲೆ ಮುಂಭಾಗದ ಗೋಡೆ ಹಿಡಿದ. ಅದಕ್ಕೆ ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದ. ಬಾಗಿಲ ಎರಡು ಕಡೆಗೂ ಗಿಳಿ ಬರೆದ. ಒಂದು ಗಿಳಿ ಗಿಳಿಯಂತಿತ್ತು, ಇನ್ನೊಂದು ಮೊಟ್ಟೆಯ ಮೇಲೆ ಕೂತ ಕೋಳಿಯಂತಿತ್ತು. ಬತ್ತದ ತೆನೆ ಹೆಣೆದು ಬಾಗಿಲಿಗೆ ತೋರಣ ಕಟ್ಟಿದ. ಯುದ್ಧದ ಕಾಲದಲ್ಲಿ ಬಣ್ಣದ ಕಾಗದ ಎಲ್ಲಿಂದ ಬರಬೇಕು? ಕೂಡಿಟ್ಟಿದ್ದ ಬೀಡಿ ಕಟ್ಟಿನ ಕಾಗದಗಳನ್ನೇ ಮುಕ್ಕೋನವಾಗಿ ಕತ್ತರಿಸಿ, ರಾಗಿ ಅಂಬಲಿಯಿಂದ ದಾರಕ್ಕೆ ಅಂಟಿಸಿ, ಸೂರಿನ ಉದ್ದಕ್ಕೂ ಇಳಿಬಿಟ್ಟ. ಗಾಳಿಗೆ ಅವು ಪಟಪಟ ಅಂದಾಗ ಅವನ ಎದೆಯೂ ಹಾಗೇ ಅಂದಿತು. ಇಂದ್ರಮ್ಮ ಇದನ್ನು ನೋಡಿ ಮೂಗಿನ ಮೇಲೆ ಬೆರಳಿಡುವುದು ಅವನ ಕಣ್ಣಿಗೆ ಕಟ್ಟಿತು.

ಆ ಹೊತ್ತಿಗೆ ಸರಿಯಾಗಿ ಹೊಲದ ಕಡೆಯಿಂದ ಬಂದವನು ಹೊನ್ನಯ್ಯ. ಗಂಡುಹೆಣ್ಣು ಕೂಡಿಸುವುದೇ ಅವನ ಕಸುಬು. ಇಂದ್ರಮ್ಮ ಗಂಟು ಹೊತ್ತು ಗೊಣಗುತ್ತ ರೈಲು ಹತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಈಗ ಪಟ್ಟೆ, ಗಿಳಿ, ತೋರಣ ಎಲ್ಲ ಕಂಡ. ಅವನೂ ಏನನ್ನೂ ಕೇಳಲಿಲ್ಲ.

"ನನ್ ತಾವ ಮುಚ್ಚಿಡಕ್ಕಾಯ್ತದೇನ್ಲಾ?" ಎಂದು ಕಣ್ಣು ಮಿಟುಕಿಸಿದ. "ಚೆಂದಾಗದೆ ಕಣ್ಲಾ. ಮನೆ ಅಂದ್ರೆ ಇಂಗಿರ್ಬೇಕು. ಒಸಿ ಒತ್ತು ತಡ್ಕೊ, ಬತ್ತೀನಿ."

ಹೊಗಳಿಕೆಗೆ ಹಸಿದಿದ್ದ ನಿಂಗಯ್ಯ, "ಬಾ ಹೊನ್ನಣ್ಣ, ನಾಕ್ ಜನಾನ ಕರ್ಕಂಡೇ ಬಾ, ನೋಡ್ಲಿ" ಎಂದುಬಿಟ್ಟ.

ಮಧ್ಯಾಹ್ನವಾಯಿತು. ನಿಂಗಯ್ಯ ಸೋತು ಜಗುಲಿಯ ಮೇಲೆ ಕೂತಿದ್ದಾಗ ಅಂಕಮ್ಮ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಗಿಳಿ, ತೋರಣ ಕಂಡು, ದುಃಖದಲ್ಲಿ ಏನು ಮಾಡುತ್ತಿದ್ದಾನೋ ಅವನಿಗೇ ಗೊತ್ತಿಲ್ಲ ಎಂದುಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅನ್ನ, ಬಿಸಿ ಬಿಸಿ ಅವರೆಕಾಳಿನ ಸಾರು, ಗಂಟಿಲ್ಲದ ಮುದ್ದೆ ತಂದಿದ್ದಳು. ದಿನಗಟ್ಟಲೆ ಗಂಟು ನುಂಗಿದ್ದ ನಿಂಗಯ್ಯ ಯಾಕೆ ಏನು ಎನ್ನದೆ ತಟ್ಟೆ ಎಳೆದುಕೊಂಡ. ಸುಣ್ಣ ಬಳಿದರೆ ಊರವರು ಇಷ್ಟೊಂದು ಮರ್ಯಾದೆ ಕೊಡುತ್ತಾರೆಂದು ಗೊತ್ತಿದ್ದರೆ ಹಿಂದೆಯೇ ಬಳಿಯುತ್ತಿದ್ದ.

"ತಿನ್ನಪ್ಪ ತಿನ್ನು, ಬದ್ಕಿರೋರು ಬದ್ಕಬೇಕಲ್ಲ" ಎಂದಳು ಅಂಕಮ್ಮ. ಆಮೇಲೆ ಸೆರಗು ಬಾಯಿಗಿಟ್ಟು ದನಿ ಎತ್ತಿದಳು. "ಅಯ್ಯೋ ಇಂದ್ರೀ, ಚಿನ್ನದಂತಾ ಎಣ್ಣೇ, ಬಾಯ್ಬುಟ್ಟು ಒಂದ್ ಮಾತಾಡ್ದೋಳಲ್ವಲ್ಲೇ!"

ಕೋಳಿ ತನ್ನ ಹಿತ್ತಿಲಿಗೆ ನುಗ್ಗಿತೆಂದು ಇದೇ ಅಂಕಮ್ಮನ ಏಳು ತಲೆಮಾರನ್ನು ಇಂದ್ರಮ್ಮ ಬೀದಿಯಲ್ಲಿ ನಿಂತು ಜಾಲಾಡಿ ಇನ್ನೂ ತಿಂಗಳಾಗಿರಲಿಲ್ಲ. ನಿಂಗಯ್ಯನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಯಾಕಕ್ಕ? ಇಂದ್ರಿಗೇನಾಯ್ತು?"

ಅವನು ಕೇಳಿ ಮುಗಿಸುವಷ್ಟರಲ್ಲಿ ಹೊನ್ನಯ್ಯ ಬಂದ. ಅವನ ಹಿಂದೆ ಜರಿ ಪೇಟದ ಒಬ್ಬ ಯಜಮಾನ, ಆ ಯಜಮಾನನ ಕೈಯಲ್ಲಿ ಎಲೆ ಅಡಿಕೆ, ಬೆಲ್ಲ, ತೆಂಗಿನಕಾಯಿಯ ತಟ್ಟೆ. ಮದ್ದೂರು ಕಡೆಯಿಂದ ಹೊನ್ನಯ್ಯನ ಮನೆಗೆ ಬಂದಿದ್ದ ನೆಂಟ, ಹೆಣ್ಣಿನ ತಂದೆ.

"ಇವ್ನೇ ಕಣಣ್ಣ ಗಂಡು" ಎಂದ ಹೊನ್ನಯ್ಯ. "ಮೊದಲ್ನೋಳು ಬುಟ್ಟೋಗವ್ಳೆ. ಮನೆ ನೋಡು, ನಿನ್ ಮಗಳ್ಗೆ ಅಂತ್ಲೇ ಬಣ್ಣ ಬಳ್ದು ಕೂತವ್ನೆ."

ಅಂಕಮ್ಮನ ಅಳು ಅರ್ಧಕ್ಕೇ ನಿಂತಿತು. "ಎಂಡ್ರು ಸತ್ತ ದಿವ್ಸವೇ ಎಣ್ಣು ತತ್ತೀಯೇನ್ಲಾ ಹೊನ್ನಯ್ಯ? ನಿನ್ ಬಾಯ್ಗೆ ಮಣ್ಣಾಕ!"

"ಸತ್ಲಾ? ಯಾರು ಸತ್ತಿದ್ದು? ಮುನಿಸ್ಕಂಡ್ ಓದ್ಲು ಕಣಮ್ಮ, ನಾನೇ ನೋಡಿವ್ನಿ!"

ಪೇಟದ ಯಜಮಾನ ತಟ್ಟೆಯನ್ನು ಎದೆಗೆ ಅವಚಿಕೊಂಡು ಇಬ್ಬರ ಮುಖವನ್ನೂ ನೋಡಿದ. "ಮೊದ್ಲು ಒಂದ್ ಮಾತ್ಗೆ ಬನ್ರಪ್ಪ. ಸತ್ತವ್ಳಾ, ಬದ್ಕವ್ಳಾ?"

"ಬದ್ಕವ್ಳೆ ಕಣ್ರಪ್ಪೋ!" ಎಂದು ನಿಂಗಯ್ಯ ಎಂಜಲು ಕೈಯಲ್ಲೇ ಎದ್ದು ನಿಂತ. "ನನ್ ಎಂಡ್ತಿ ಕಲ್ಲುಗುಂಡು ಇದ್ದಂಗವ್ಳೆ! ಯಲಿಯೂರಲ್ಲವ್ಳೆ!"

ಅಂಕಮ್ಮ ಪಕ್ಕದವಳ ಕಿವಿಯಲ್ಲಿ, "ದುಃಖಕ್ಕೆ ಬುದ್ಧಿ ಪಲ್ಲಟಾಗದೆ, ಪಾಪ" ಎಂದಳು. ಹೆಂಗಸರೆಲ್ಲ ಮತ್ತೆ ಒಟ್ಟಾಗಿ ದನಿ ಎತ್ತಿದರು.

ಆ ಕ್ಷಣಕ್ಕೆ ಬೀದಿಯ ತಿರುವಿನಲ್ಲಿ ಇಂದ್ರಮ್ಮನ ತಂದೆ ದೊಡ್ಡಸಿದ್ದಯ್ಯ ಕಾಣಿಸಿಕೊಂಡ. ಮಸಿಗೆಲ್ಲ ಯಾರಾದರೂ ಗಂಡನನ್ನು ಬಿಡುತ್ತಾರೆಯೇ ಎಂದು ಮಗಳಿಗೆ ಬುದ್ಧಿ ಹೇಳಿ, ರೈಲಿನಲ್ಲಿ ಕರೆತಂದಿದ್ದ. ಬಿಸಿಲಿಗೆ ಸೆರಗನ್ನು ತಲೆತುಂಬ ಹೊದ್ದು ಅವನ ಹಿಂದೆ ಬರುತ್ತಿದ್ದಳು ಇಂದ್ರಮ್ಮ.

ಮೊದಲು ಕಿರಿಚಿದವಳು ಅಂಕಮ್ಮ. ಆಮೇಲೆ ಯಾರು ಕಿರಿಚಿದರು, ಯಾರು ಯಾರನ್ನು ತುಳಿದುಕೊಂಡು ಓಡಿದರು ಎಂದು ಹೇಳುವುದು ಕಷ್ಟ. ಪೇಟದ ಯಜಮಾನ ಪೇಟ ಬಿಟ್ಟು ತಟ್ಟೆ ಉಳಿಸಿಕೊಂಡು ಓಡಿದ. ಅವನನ್ನು ಸಮಾಧಾನ ಮಾಡುವ ನೆವದಲ್ಲಿ ಹೊನ್ನಯ್ಯ ಅವನಿಗಿಂತ ಮುಂದೆ ಓಡಿದ. ಬೀದಿ ಖಾಲಿಯಾಯಿತು, ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು.

ಇಂದ್ರಮ್ಮ ಗಿಳಿಗಳನ್ನು ನೋಡಿದಳು. ತೋರಣ ನೋಡಿದಳು. ಒಳಗೆ ಹೋಗಿ ನೀಲಿ ಗೋಡೆಯ ಮೇಲೆ ಅಂಗೈ ಇಟ್ಟು, ಅಂಗೈಗೆ ಮಸಿಯಾಯಿತೇ ಎಂದು ತಿರುಗಿಸಿ ನೋಡಿಕೊಂಡಳು.

"ನಿನ್ಗೇ ಅಂತ ಮಾಡ್ದೆ ಕಣಮ್ಮಿ" ಎಂದ ನಿಂಗಯ್ಯ. "ನೀನಿಲ್ದೆ ನನ್ ಕೈಲಿ ಆಗಾಕಿಲ್ಲ."

ಇಂದ್ರಮ್ಮನ ಕಣ್ಣು ತುಂಬಿತು. ಮದುವೆಯಾದ ಮೇಲೆ ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಅಲ್ಲಿಗೆ ನಿಂಗಯ್ಯ ಸುಮ್ಮನಾಗಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವಳು, "ಅವ್ರೆಲ್ಲಾ ಯಾಕೆ ಬಂದಿದ್ರು?" ಎಂದು ಕೇಳಿದಳು. ಸುಳ್ಳು ಹೇಳಿ ಕೆಟ್ಟಿದ್ದೇನೆ, ಇನ್ನು ನಿಜವನ್ನೇ ಹೇಳುತ್ತೇನೆ ಎಂದು ಅವನು ಅಳುವವರನ್ನೂ ಬಿಡದೆ, ತಟ್ಟೆ ತಂದವನನ್ನೂ ಬಿಡದೆ, ಎಲ್ಲವನ್ನೂ ಒಪ್ಪಿಸಿದ.

ಇಂದ್ರಮ್ಮ ಗೋಡೆಯಿಂದ ಕೈ ತೆಗೆದಳು.

"ನಾನ್ ಸತ್ತೆ ಅಂತ ಬೀದಿ ಅತ್ತದ್ದು ಈ ಸುಣ್ಣ ನೋಡಿ. ಒಸಬಳು ಬತ್ತಾಳೆ ಅಂತ ತಟ್ಟೆ ಬಂದಿದ್ದೂ ಈ ಸುಣ್ಣ ನೋಡಿ. ಇದ್ರೊಳ್ಗೆ ನಾನು ಚಾಪೆ ಆಸ್ಕಂಡು ಮನಿಕಂಡ್ರೆ, ಇಂದ್ರಿ ಕಾಲ್ದಲ್ಲಿ ಮಸಿ ಇತ್ತು, ಅವ್ಳು ಓದ್ಮ್ಯಾಲೆ ಮನೆ ಬೆಳಗ್ತು ಅಂತ ಸಾಯೋಗಂಟ ಅಂತಾರೆ. ಮೊದ್ಲು ಎಂಗಿತ್ತೋ ಅಂಗೇ ಮಾಡು. ಯುಗಾದೀಲಿ ನಾನು ಬಾಗ್ಲಲ್ಲಿ ನಿಂತಿರ್ತೀನಿ, ಊರೆಲ್ಲಾ ನೋಡ್ವಾಗ ಬಳ್ಯೋವಂತೆ."

"ಮಸೀನ ಎಲ್ಲಿಂದ ತರ್ಲಿ ಮಾವ?" ಎಂದು ನಿಂಗಯ್ಯ ಮಾವನ ಕಡೆ ತಿರುಗಿದ.

ದೊಡ್ಡಸಿದ್ದಯ್ಯ ಗೋಡೆಯನ್ನೂ ಮಗಳನ್ನೂ ನೋಡಿ, "ಅವ್ಳ್ ಮಾತು ಸರಿಯಾಗದೆ ಅಳೀಮಯ್ಯ" ಎಂದ. ಸಂಜೆಯ ರೈಲಿಗೆ ಮಗಳನ್ನು ವಾಪಸು ಕರೆದುಕೊಂಡು ಹೋದ. ಬೀದಿಯ ಬಾಗಿಲುಗಳೆಲ್ಲ ಇನ್ನೂ ಮುಚ್ಚಿದ್ದರಿಂದ ಅವರು ಹೋದದ್ದನ್ನು ಯಾರೂ ನೋಡಲಿಲ್ಲ.

ಇನ್ನೂ ಬೆಳಕಿತ್ತು. ನಿಂಗಯ್ಯ ಹಿತ್ತಿಲಿನಿಂದ ಹಸಿ ಸೌದೆ, ಒದ್ದೆ ಕಬ್ಬಿನ ಸೋಗೆ ತಂದು ನಡುಮನೆಯ ಪುಟ್ಟ ಕಿಟಕಿಯ ಕೆಳಗೆ ಗುಡ್ಡೆ ಹಾಕಿದ. ಬಾಗಿಲು ಕಿಟಕಿ ಮುಚ್ಚಿ ಬೆಂಕಿ ಹಚ್ಚಿದ. ಹೊಗೆ ಬೇಕಾದಾಗ ಬರುವುದಿಲ್ಲ ಎಂದುಕೊಂಡಿದ್ದ, ಬಂತು. ಮನೆ ತುಂಬಿ ಹೆಂಚಿನ ಸಂದಿಯಿಂದೆಲ್ಲ ಹೊರಗೆ ಹೊಮ್ಮಿತು. ಅವನು ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ಗೋಡೆ ಎಷ್ಟು ಕಪ್ಪಾಯಿತೆಂದು ಮೊರದಿಂದ ಹೊಗೆ ಬೀಸಿ ಬೀಸಿ ನೋಡುತ್ತಿದ್ದ.

ಎದುರು ಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಒಬ್ಬೊಬ್ಬರಾಗಿ ಬೀದಿಯವರು ಕೂಡಿದರು. ಅಂಕಮ್ಮ ತಗ್ಗಿದ ದನಿಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದಳು. "ಇಂದ್ರಿ ಅಪ್ಪ ಸಾವ್ಗೆ ಮಾತಾಡ್ಸಕ್ಕೆ ಬಂದಿದ್ದ. ಅವನ್ ಹಿಂದ್ಗುಟ್ಲೇ ಅವ್ಳು ಮುಸುಕಾಕ್ಕಂಡು ನಡ್ಕಂಡು ಬಂದ್ಲು, ನಾನೇ ನೋಡ್ದೆ. ಮನೆ ಒಳ್ಗೇ ಓದ್ಲು. ಪಾಪ, ನಿಂಗ ಒಗೆ ಆಕಿ ದೆವ್ವ ಬುಡಿಸ್ತಾವ್ನೆ."

"ಬರೀ ಒಗೇಗೆ ಓದಾಳಾ ಆ ಇಂದ್ರಿ?" ಎಂದ ಹೊನ್ನಯ್ಯ. ಅವನೂ ಈಗ ಅವಳು ಸತ್ತಳೆಂದು ಒಪ್ಪಿಕೊಂಡಿದ್ದ.

ಅಂಕಮ್ಮನಿಗೆ ಅದು ಸರಿಯೆನಿಸಿತು. ಮನೆಗೆ ಓಡಿ ಮೊರದ ತುಂಬ ಒಣ ಮೆಣಸಿನಕಾಯಿ ತಂದು, ಕಿಟಕಿಯ ಸಂದಿಯಿಂದ ನೇರವಾಗಿ ಬೆಂಕಿಗೆ ಸುರಿದಳು. ಒಳಗಿನಿಂದ ಮನುಷ್ಯರದೆಂದು ಹೇಳಲಾಗದ ಒಂದು ಕೂಗು ಎದ್ದಿತು.

"ಓಯ್ತಾವ್ಳೆ, ಓಯ್ತಾವ್ಳೆ!" ಎಂದು ಬೀದಿಯೆಲ್ಲ ಕೈ ಮುಗಿಯಿತು.

ಅಂಕಮ್ಮ ಕಿಟಕಿಗೆ ಬಾಯಿಟ್ಟು, "ಎದ್ರಬೇಡ ಕಣ್ಲಾ ನಿಂಗಾ!" ಎಂದು ಧೈರ್ಯ ಹೇಳಿದಳು. "ಬೆಳಗ್ಗೆ ಮೊದಲ್ನೇ ರೈಲ್ಗೇ ನಾನು ಯಲಿಯೂರ್ಗೆ ಓಯ್ತೀನಿ. ನಿನ್ ಮಗಳ್ ದೆವ್ವ ಬುಟ್ಟೋಯ್ತು, ಇನ್ನು ನಿಂಗ ಸುಖವಾಗವ್ನೆ ಅಂತ ಇಂದ್ರಿ ಅಪ್ಪನ್ಗೆ ನಾನೇ ಯೋಳಿ ಬತ್ತೀನಿ!"

ಒಳಗಿದ್ದ ನಿಂಗಯ್ಯ ಬೇಡ ಎನ್ನಲು ಬಾಯಿ ತೆರೆದ. ಕೆಮ್ಮು ಅವನನ್ನು ಮಾತಾಡಲು ಬಿಡಲಿಲ್ಲ.