ಸಾಹುಕಾರರ ಜೇಬಿನ ತೂತು

ಎಲ್ಲಕ್ಕೂ ಮೂಲ ಸಾಹುಕಾರ ಎಲ್ನಾಥನ್ ಕ್ರೋವೆಲ್ಲನ ಕೋಟಿನ ಜೇಬಿನಲ್ಲಿದ್ದ ಒಂದು ತೂತು.

“ರೀ, ಸ್ವಲ್ಪ ನಿಲ್ಲಿ, ಹೊಲಿದುಕೊಡ್ತೀನಿ,” ಎಂದಳು ಹೆಂಡತಿ ಮೆಹಿಟಬೆಲ್. “ಹಂದಿದೊಡ್ಡಿ ಬಾಗಿಲೂ ಮುರಿದಿದೆ.”

“ಊರಿಗೆ ಊರೇ ನನಗೆ ಕಾಯ್ತಿದೆ, ನಿನಗೆ ಹಂದೀದೇ ಚಿಂತೆ!” ಎಂದವನೇ ಜೇಬು ತುಂಬ ಮುಸುಕಿನ ಜೋಳ ಸುರಿದುಕೊಂಡು ಹೊರಟ.

ಮ್ಯಾಸಚುಸೆಟ್ಸಿನ ಆ ಹಳ್ಳಿಯಲ್ಲಿ ಅಂದು ವರ್ಷದ ಊರಸಭೆ, ಊರಿನ ಹುದ್ದೆಗಳಿಗೆಲ್ಲ ಆಯ್ಕೆ. ಒಂದೊಂದು ಹೆಸರಿಗೂ ಟೋಪಿ ಸುತ್ತಿಬರುತ್ತದೆ, ಬೇಕೆನ್ನುವವರು ಜೋಳದ ಕಾಳು ಹಾಕಬೇಕು, ಬೇಡವೆನ್ನುವವರು ಬೀನ್ಸ್ ಕಾಳು. ಕ್ರೋವೆಲ್ಲನ ಅಪ್ಪ, ಅಜ್ಜ ಇಬ್ಬರೂ ಊರಿನ ಪಂಚರಾಗಿದ್ದವರು. ಕಣ್ಣು ಹಾಯುವಷ್ಟು ಜಮೀನಿದ್ದರೂ ಇವನಿಗೆ ಮಾತ್ರ ಪ್ರತಿವರ್ಷ ಸಿಕ್ಕಿದ್ದು ಬರೀ ಬೀನ್ಸ್. ಅದಕ್ಕೇ ಈ ಸಲ ಜೋಳ ತರಲು ಮರೆತವರಿಗೆಲ್ಲ ತಾನೇ ಹಂಚುವ ಔದಾರ್ಯ ತೋರಿದ್ದ.

ಟೋಪಿ ತುಂಬಿತು. ಸಭೆ ನಡೆಸುವ ಚರ್ಚಿನ ಹಿರಿಯ, ಡೀಕನ್ ವೈಮನ್, ಅದನ್ನು ಬೆಂಚಿನ ಮೇಲಿಟ್ಟ. ಅಷ್ಟರಲ್ಲಿ ದಾರಿಯುದ್ದಕ್ಕೂ ಉದುರಿದ್ದ ಜೋಳ ಹೆಕ್ಕುತ್ತ ಒಂದು ಹಂದಿ ನೆಟ್ಟಗೆ ಒಳಗೆ ಬಂತು. ಟೋಪಿಗೆ ಮೂತಿಯಿಟ್ಟು, ಪರ ವಿರೋಧ ಎಣಿಸದೆ ಅಷ್ಟನ್ನೂ ನುಂಗಿತು.

“ಯಾರದ್ರೀ ಈ ದರಿದ್ರ ಹಂದಿ?” ಎಂದು ಮೊದಲು ಗದರಿದವನು ಕ್ರೋವೆಲ್ಲನೇ. ಹಂದಿ ಬಂದು ಅವನ ಜೇಬಿಗೆ ಮೂತಿ ಉಜ್ಜಿತು.

“ಗುರುತು ಹಿಡೀತು ನೋಡಿ, ಸಾಹುಕಾರ್ರೇ,” ಎಂದ ನೆರೆಮನೆಯ ಪ್ರ್ಯಾಟ್. ಅವನ ಹಿತ್ತಲಿನ ಗಡ್ಡೆಗಳನ್ನು ಹೋದ ವರ್ಷವೆಲ್ಲ ಅಗೆದು ತಿಂದದ್ದು ಇದೇ ಹಂದಿ. ಸಭೆ ಗೊಳ್ಳೆಂದಿತು.

“ಮೊದ್ಲು ಅದನ್ನ ಮನೆಗೆ ಹೊಡ್ಕೊಂಡು ಹೋಗಿ. ಮತ್ತೆ ಮತ ಹಾಕಿಸ್ತೀನಿ,” ಎಂದ ಡೀಕನ್.

ಬೇಲಿ ಹಾರಿ, ಕೆಸರಲ್ಲಿ ಬಿದ್ದು, ಒಂದು ಬೂಟನ್ನು ಹಳ್ಳಕ್ಕೆ ಅರ್ಪಿಸಿ, ಕೊನೆಗೂ ಹಂದಿಯನ್ನು ದೊಡ್ಡಿಗೆ ನೂಕಿ ಕ್ರೋವೆಲ್ ಏದುಸಿರು ಬಿಡುತ್ತ ಮರಳಿದ. ಟೋಪಿ ಸುತ್ತುತ್ತಲೇ ಇತ್ತು.

“ಬನ್ನಿ ಬನ್ನಿ, ನಿಮ್ಮ ಹೆಸರಿಗೇ ಮತ ನಡೀತಿದೆ,” ಎಂದ ಡೀಕನ್.

ಪ್ರ್ಯಾಟ್ ಕೂಡ ಜೋಳ ಹಾಕಿದ್ದನ್ನು ಕ್ರೋವೆಲ್ ಕಣ್ಣಾರೆ ಕಂಡ. ಎಣಿಸಿದರೆ ಒಂದೇ ಒಂದು ಬೀನ್ಸ್ ಇಲ್ಲ! ಅವನು ಎದ್ದು, ಕೆಸರಿನ ಕೈಯನ್ನೇ ಎತ್ತಿ, “ದೇವರಾಣೆ, ಈ ವರ್ಷವೆಲ್ಲ ನಿಮ್ಮ ಸೇವೆ ಮಾಡ್ತೀನಿ. ನಮ್ಮಪ್ಪ ಇದ್ದಿದ್ರೆ ಎಷ್ಟು ಹಿಗ್ತಿದ್ರೋ!” ಎಂದು ಕಣ್ಣೊರೆಸಿಕೊಂಡ.

“ಭಾಳ ಸಂತೋಷ,” ಎಂದ ಡೀಕನ್. “ನೀವು ಹೊರಗೆ ಹೋದಾಗ ಪಂಚರ ಜಾಗಕ್ಕೆ ಪ್ರ್ಯಾಟ್ ಆರಿಸಿ ಬಂದ್ರು. ಇದು ಊರಲ್ಲಿ ಅಲೆಯೋ ಹಂದಿ ಹಿಡಿಯೋ ಹುದ್ದೆ. ಒಲ್ಲೆ ಅನ್ನೋ ಹಾಗಿಲ್ಲ, ಆಣೆ ಮಾಡಿಬಿಟ್ರಿ.”

ಕ್ರೋವೆಲ್ ಕುಸಿದು ಕೂತ. ಪ್ರ್ಯಾಟ್ ಕಿಟಕಿಯಿಂದ ಹೊರಗೆ ಇಣುಕಿ ನೋಡಿದ.

“ಏಳಿ ಸಾಹುಕಾರ್ರೇ, ಕೆಲಸ ಶುರುವಾಯ್ತು. ನಿಮ್ಮ ಹಂದಿ ಆಗ್ಲೇ ನಮ್ಮ ಹಿತ್ತಲಲ್ಲಿದೆ.”